ಕೌಂಟರಿನಲ್ಲಿ ನಿಂತು ಓದುವವರಿಗೆ ಹೆಲ್ಪ್ ಪುಟ ಬರೆಯುವುದು ಹೇಗೆ

ತಿಪಟೂರಿನಲ್ಲಿ ನಮ್ಮ ಚಿಕ್ಕಪ್ಪನದು ದಿನಸಿ ಅಂಗಡಿ. ಬಿಲ್ ಹಾಕಲು ಅವರು ಬಳಸುವುದು ನಾನು ಕೆಲಸ ಮಾಡುವ ಕಂಪನಿಯ ಸಾಫ್ಟ್‌ವೇರನ್ನೇ. ಅದರ ಹೆಲ್ಪ್ ಪುಟಗಳನ್ನು ಬರೆಯುವವಳು ನಾನು. ಆದರೂ ಏನಾದರೂ ಕೈಕೊಟ್ಟರೆ ಅವರು ಹೆಲ್ಪ್ ತೆರೆಯುತ್ತಿರಲಿಲ್ಲ, ನನಗೇ ಫೋನ್ ಮಾಡುತ್ತಿದ್ದರು. ಇದು ಚಿಕ್ಕಪ್ಪನ ಸೋಮಾರಿತನ ಅಂತ ಬಹಳ ದಿನ ಅಂದುಕೊಂಡಿದ್ದೆ.

ಒಂದು ಯುಗಾದಿಗೆ ಊರಿಗೆ ಹೋದವಳು ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಕೂತಿದ್ದೆ. ಹೊಸ ಪ್ರಿಂಟರ್ ತಂದಿದ್ದರು. ಬಿಲ್ ಹೊಡೆದರೆ ರೇಟು ಸರಿಯಾಗಿ ಬರುತ್ತಿತ್ತು. ಸಾಮಾನಿನ ಹೆಸರಿನ ಜಾಗದಲ್ಲಿ ಮಾತ್ರ ಬರೀ ಪ್ರಶ್ನೆ ಚಿಹ್ನೆ. ತೊಗರಿಬೇಳೆಗೂ ಪ್ರಶ್ನೆ, ಬೆಲ್ಲಕ್ಕೂ ಪ್ರಶ್ನೆ. "ನೋಡೇ ಪುಟ್ಟಿ, ದುಡ್ಡು ಕೊಟ್ಟು ತಂದ ಮಿಷನ್ನು ನನ್ನನ್ನೇ ಪ್ರಶ್ನೆ ಕೇಳ್ತಿದೆ" ಅಂದರು. "ಹೆಲ್ಪ್‌ನಲ್ಲಿದೆ ಚಿಕ್ಕಪ್ಪ, ನೀವೇ ನೋಡಿ" ಅಂದು ನಾನು ಬಾಯಿ ಮುಚ್ಚಿಕೊಂಡು ಕೂತೆ.

ಎಡಗೈಯಲ್ಲಿ ಫೋನ್. ಬಲಗೈ ಪ್ರಿಂಟರ್ ಮೇಲೆ. ಎದುರಿಗೆ ಮೂರು ಜನ ಗಿರಾಕಿಗಳು. ಹುಡುಕುವ ಜಾಗದಲ್ಲಿ ಅವರು ಇಂಗ್ಲಿಷ್ ಅಕ್ಷರದಲ್ಲಿ "ಬಿಲ್ ಕನ್ನಡ ಬರ್ತಿಲ್ಲ" ಅಂತ ಒತ್ತಿದರು. ಏನೂ ಸಿಗಲಿಲ್ಲ. ಹೇಗೆ ಸಿಗಬೇಕು? ನಾನು ಬರೆದ ಪುಟದ ಹೆಸರು "ಮುದ್ರಕ ಸಂರಚನೆ". ಕೊನೆಗೆ ನಾನೇ ತೆಗೆದುಕೊಟ್ಟೆ. ಮೊದಲಿನ ಎರಡು ಪ್ಯಾರಾಗಳನ್ನು ಹೆಬ್ಬೆರಳಿನಲ್ಲಿ ತಳ್ಳಿಬಿಟ್ಟರು, ಒಂದಕ್ಷರ ಓದಲಿಲ್ಲ. ಮುಂದೆ ಸ್ಕ್ರೀನಿನ ಚಿತ್ರ ಬಂತು. ಚಿತ್ರದಲ್ಲಿದ್ದ ಬಟನ್ನನ್ನೇ ಒತ್ತಿದರು. ಇನ್ನೊಂದು ಸಲ ಒತ್ತಿದರು. "ಕೆಲಸ ಮಾಡ್ತಿಲ್ಲ ಕಣೇ" ಅಂದರು. ಅಷ್ಟರಲ್ಲಿ ಯಾರೋ ಕಡಲೆಕಾಯಿ ಎಣ್ಣೆ ಕೇಳಿದರು. ಕೊಟ್ಟು ಬರುವಷ್ಟರಲ್ಲಿ ಫೋನಿನ ಬೆಳಕು ಆರಿತ್ತು. ಮತ್ತೆ ತೆರೆದಾಗ ಎಲ್ಲಿಯವರೆಗೆ ಓದಿದ್ದರು ಅನ್ನುವುದು ಅವರಿಗೇ ಸಿಗಲಿಲ್ಲ. ಉದ್ದಕ್ಕೂ ಒಂದೇ ಪ್ಯಾರಾ ಸುರಿದಿದ್ದೆನಲ್ಲ, ಗುರುತು ಎಲ್ಲಿಂದ ಬರಬೇಕು.

ಸಾಫ್ಟ್‌ವೇರ್‌ಗೆ ಹೆಲ್ಪ್ ಬರೆಯಲು ಕೂರುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಈ ದೃಶ್ಯವನ್ನೇ. ನಿಮ್ಮ ಪುಟವನ್ನು ಯಾರೂ ಕಾಫಿ ಕುಡಿಯುತ್ತಾ ಓದುವುದಿಲ್ಲ. ಕೆಲಸ ಅರ್ಧಕ್ಕೆ ನಿಂತಿರುತ್ತದೆ, ಎದುರಿಗೆ ಜನ ಕಾಯುತ್ತಿರುತ್ತಾರೆ, ತಲೆ ಕೆಟ್ಟಿರುತ್ತದೆ. ಅಂಥವರು ಬೆರಳಿಟ್ಟ ಕಡೆ ಉತ್ತರ ಸಿಗಬೇಕು.

ಇದು ನಮ್ಮ ಚಿಕ್ಕಪ್ಪನ ಅಭ್ಯಾಸ ಮಾತ್ರ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರೊಲ್ ಮತ್ತು ಸಂಗಡಿಗರು ಕಂಪ್ಯೂಟರ್ ಕಲಿಯುತ್ತಿದ್ದ ಆಫೀಸು ನೌಕರರನ್ನು ಕೂತು ಗಮನಿಸಿದ್ದರು. ದಪ್ಪ ಕೈಪಿಡಿ ಕೊಟ್ಟರೂ ಅವರು ಓದುತ್ತಾ ಕೂರಲಿಲ್ಲ, ನೇರ ಕೆಲಸಕ್ಕೆ ಇಳಿದರು. ಕೈಪಿಡಿಯನ್ನು ತೀರಾ ಚಿಕ್ಕದು ಮಾಡಿ, ಕೆಲಸದಿಂದಲೇ ಶುರು ಮಾಡಿ, ತಪ್ಪಿದರೆ ಸರಿಮಾಡಿಕೊಳ್ಳುವ ದಾರಿಯನ್ನೂ ಬರೆದಾಗ ಬೇಗ ಕಲಿತರು. ವೆಬ್ ಬಂದ ಮೇಲೂ ಕಥೆ ಅದೇ. 1997ರಲ್ಲಿ ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ ಬರೆದ ಪ್ರಕಾರ, ಅವರು ಪರೀಕ್ಷೆ ಮಾಡಿದವರಲ್ಲಿ ಶೇ. 79 ಮಂದಿ ಹೊಸ ಪುಟದ ಮೇಲೆ ಸುಮ್ನೆ ಕಣ್ಣಾಡಿಸುತ್ತಿದ್ದರು. ಪದ ಬಿಡದೆ ಓದಿದವರು ಶೇ. 16 ಮಾತ್ರ.

ಪುಟದ ಹೆಸರು: ಫೋನಿನಲ್ಲಿ ಬರುವ ಮೊದಲ ವಾಕ್ಯ

ನಾನು ಈ ಕಂಪನಿಗೆ ಸೇರಿದ್ದು 2017ರಲ್ಲಿ, ಫೋನ್ ಎತ್ತುವ ಕೆಲಸಕ್ಕೆ. ಅದೇ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಆಮೇಲೆ ಕೆಲವು ವಾರ ಊಟಕ್ಕೂ ಏಳಲು ಬಿಡುವಿರಲಿಲ್ಲ. ಆಗ ನಮ್ಮ ಹೆಲ್ಪ್‌ನಲ್ಲಿ "ತೆರಿಗೆ ವಿಭಜನೆಯ ಪ್ರದರ್ಶನ" ಅಂತ ಒಂದು ಪುಟ ಇತ್ತು. ಫೋನ್ ಮಾಡಿದವರು ಯಾರೂ ಆ ಮಾತು ಆಡಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ಮೇಡಂ, ಬಿಲ್‌ನಲ್ಲಿ ಟ್ಯಾಕ್ಸ್ ಎರಡು ಸಲ ಹಾಕಿದೆಯಲ್ಲ?"

ಎರಡು ಸಲ ಹಾಕಿರಲಿಲ್ಲ. ರಾಜ್ಯದ ಒಳಗೇ ಮಾರಿದರೆ ಟ್ಯಾಕ್ಸ್ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಬಿಲ್‌ನಲ್ಲಿ ಅದು ಎರಡು ಸಾಲಾಗಿ ಬರುತ್ತದೆ. ಶೇ. 5ರ ಸಾಮಾನಿಗೆ 100 ರೂಪಾಯಿ ಬೆಲೆಯಾದರೆ ಎರಡೂವರೆ, ಎರಡೂವರೆ. ಒಟ್ಟು 5 ರೂಪಾಯಿ. ಪುಟದ ಹೆಸರನ್ನು "ಬಿಲ್‌ನಲ್ಲಿ ಟ್ಯಾಕ್ಸ್ ಎರಡು ಸಲ ಯಾಕೆ ಕಾಣಿಸುತ್ತಿದೆ?" ಅಂತ ಬದಲಿಸಿದೆವು. ಮೊದಲ ಸಾಲಿನಲ್ಲೇ "ಎರಡು ಸಲ ಅಲ್ಲ, ಒಂದೇ ಟ್ಯಾಕ್ಸ್, ಅರ್ಧ ಅರ್ಧ" ಅಂತ ಹಾಕಿದೆವು. ಗಮನಿಸಿ, ಪ್ರಶ್ನೆ ತಪ್ಪು ತಿಳಿವಳಿಕೆಯದ್ದೇ. ಆದರೂ ಹೆಸರು ಅದೇ ಇರಬೇಕು. ತಪ್ಪು ತಿಳಿದವರು ತಪ್ಪು ಮಾತಿನಲ್ಲೇ ಹುಡುಕುತ್ತಾರೆ ಅಲ್ವಾ?

ಹಾಗಾಗಿ ಬರೆಯುವ ಮೊದಲು ಫೋನ್ ಎತ್ತುವವರ ಪಕ್ಕ ಒಂದು ದಿನ ಕೂತುಕೊಳ್ಳಿ. ಗಿರಾಕಿಯ ಮೊದಲ ವಾಕ್ಯವನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ. ತಿದ್ದಬೇಡಿ. "ಪ್ರಿಂಟರ್ ಸಂಪರ್ಕ ಕಡಿತ" ಅಂತ ನೀವು ಬರೆದುಕೊಂಡರೆ ಅಲ್ಲಿಗೆ ಮುಗಿಯಿತು. ಅವರು ಅಂದದ್ದು "ಮಿಷನ್ ಹಿಡೀತಿಲ್ಲ" ಅಂತ.

ಹುಡುಕಾಟದ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಒಂದಿಷ್ಟು ಕಿರಿಕಿರಿ ಇದೆ. ಒಂದೇ ಸಾಮಾನನ್ನು ಒಬ್ಬರು ಪ್ರಿಂಟರ್ ಅಂತಾರೆ, ಒಬ್ಬರು ಪ್ರಿಂಟರು, ಮತ್ತೊಬ್ಬರು ಮಿಷನ್. ಅರ್ಧ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾರೆ. ಇನ್ನು "ಸಾಫ್ಟ್‌ವೇರ್" ಎಂಬ ಪದ ನೋಡಿ. ಟ ಮತ್ತು ವ ಒತ್ತಕ್ಷರವಾಗಿ ಕೂಡಿಕೊಳ್ಳದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಗುರುತು ಹಾಕಿರುತ್ತೇವೆ. ಅದಿಲ್ಲದೆ ಒತ್ತಿದರೆ "ಸಾಫ್ಟ್ವೇರ್" ಆಗುತ್ತದೆ. ಓದುವವರಿಗೆ ಎರಡೂ ಒಂದೇ. ಹುಡುಕುವ ಯಂತ್ರ ದಡ್ಡನಾಗಿದ್ದರೆ ಎರಡೂ ಬೇರೆ ಬೇರೆ ಪದ. ನಮ್ಮಲ್ಲಿ ಪ್ರತಿ ಪುಟಕ್ಕೂ ಓದುಗರಿಗೆ ಕಾಣದ ಒಂದು ಖಾನೆ ಇದೆ. ಈ ಎಲ್ಲ ರೂಪಗಳನ್ನೂ ಅದರಲ್ಲಿ ತುಂಬುತ್ತೇನೆ, ತಪ್ಪು ಕಾಗುಣಿತವನ್ನೂ ಸೇರಿಸಿ. ಕನ್ನಡ ಮೇಷ್ಟ್ರು ನೋಡಿದರೆ ಬೈದಾರು. ಬೈಯಲಿ.

ತಿದ್ದಿದ ಪುಟ ಹೀಗಿದೆ

ಯುಗಾದಿ ಮುಗಿಸಿ ಬಂದು "ಮುದ್ರಕ ಸಂರಚನೆ"ಯನ್ನು ಹರಿದು ಮತ್ತೆ ಬರೆದೆ. ನಮ್ಮ ಸಾಫ್ಟ್‌ವೇರಿನಲ್ಲಿ ಬಟನ್‌ಗಳ ಹೆಸರು ಇಂಗ್ಲಿಷಿನಲ್ಲಿವೆ. ಹೆಲ್ಪ್ ಪುಟದಲ್ಲೂ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಇಟ್ಟಿದ್ದೇನೆ. ಇಲ್ಲಿ ಮಾತ್ರ ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರ.

ಬಿಲ್‌ನಲ್ಲಿ ಕನ್ನಡದ ಬದಲು ಪ್ರಶ್ನೆ ಚಿಹ್ನೆ ಬರುತ್ತಿದೆಯಾ?

ಪ್ರಿಂಟರ್ ಕೆಟ್ಟಿಲ್ಲ. ಒಂದು ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ. ಹಳೆಯ ಬಿಲ್‌ಗಳಿಗೆ ಏನೂ ಆಗುವುದಿಲ್ಲ.

1. ಮೇಲೆ ಎಡಮೂಲೆಯಲ್ಲಿ ಮೂರು ಗೆರೆ ಇದೆ. ಅದನ್ನು ಒತ್ತಿ.
2. ಬಂದ ಪಟ್ಟಿಯಲ್ಲಿ "ಪ್ರಿಂಟರ್" ಒತ್ತಿ.
3. "ಗ್ರಾಫಿಕ್ಸ್ ಪ್ರಿಂಟ್" ಎದುರಿನ ಗುಂಡಿ ಆನ್ ಮಾಡಿ. ಅದು ಹಸಿರಾಗುತ್ತದೆ.
4. "ಪೇಪರ್ ಸೈಜ್"ನಲ್ಲಿ ನಿಮ್ಮ ರೋಲ್ ಅಳತೆ ಆರಿಸಿ. ಎರಡಿಂಚಿನ ರೋಲ್‌ಗೆ 58. ಮೂರಿಂಚಿನ ರೋಲ್‌ಗೆ 80.
5. "ಟೆಸ್ಟ್ ಪ್ರಿಂಟ್" ಒತ್ತಿ. ಚೀಟಿಯಲ್ಲಿ ಕನ್ನಡ ಬಂದರೆ ಕೆಲಸ ಮುಗಿಯಿತು.

ಇನ್ನು ಮುಂದೆ ಬಿಲ್ ಮೊದಲಿಗಿಂತ ಸ್ವಲ್ಪ ನಿಧಾನವಾಗಿ ಬರುತ್ತದೆ. ಅದು ಸರಿಯೇ.

ಬಲಗಡೆ ರೇಟು ಕತ್ತರಿಸಿದ ಹಾಗೆ ಬಂದರೆ 4ನೇ ಹೆಜ್ಜೆಗೆ ಹೋಗಿ, 58 ಆರಿಸಿ.

ಯಾಕೆ ಹೀಗಾಯಿತು? ಪ್ರಿಂಟರ್ ಒಳಗೆ ಕನ್ನಡ ಅಕ್ಷರಗಳು ಇರುವುದಿಲ್ಲ. ಈ ಗುಂಡಿ ಆನ್ ಮಾಡಿದರೆ ನಮ್ಮ ಸಾಫ್ಟ್‌ವೇರ್ ಬಿಲ್ ಅನ್ನು ಚಿತ್ರ ಮಾಡಿ ಕಳಿಸುತ್ತದೆ.

ಪುಟ ಇಷ್ಟೇ. ಇದರಲ್ಲಿ ಒಂದೊಂದು ಸಾಲು ಯಾಕಿದೆ ಅಂತ ಹೇಳುತ್ತೇನೆ, ಯಾಕೆಂದರೆ ಪಾಠ ಇರುವುದೇ ಅಲ್ಲಿ.

"ಪ್ರಿಂಟರ್ ಕೆಟ್ಟಿಲ್ಲ." ಕೆಟ್ಟಿರಬಹುದು ಅನ್ನುವುದೇ ಚಿಕ್ಕಪ್ಪನ ಮೊದಲ ಭಯ. ಆಗಲೇ ಅಂಗಡಿಗೆ ವಾಪಸ್ ಕೊಡಲು ಡಬ್ಬ ಹುಡುಕುತ್ತಿದ್ದರು. "ಹಳೆಯ ಬಿಲ್‌ಗಳಿಗೆ ಏನೂ ಆಗುವುದಿಲ್ಲ" ಎರಡನೆಯ ಭಯಕ್ಕೆ. ಸೆಟ್ಟಿಂಗ್ ಅಂದರೆ ಸಾಕು, ಅಂಗಡಿಯವರಿಗೆ ಎಲ್ಲ ಲೆಕ್ಕ ಅಳಿಸಿಹೋದ ಹಾಗೆ ಕಣ್ಣ ಮುಂದೆ ಬರುತ್ತದೆ. ಭಯ ಇರುವ ಕೈ ಬಟನ್ ಒತ್ತುವುದಿಲ್ಲ. ಮೊದಲ ಎರಡು ಮೂರು ಸಾಲಿನಲ್ಲಿ ಅದನ್ನು ಇಳಿಸಿ.

"ಎರಡಿಂಚು, ಮೂರಿಂಚು." ಪರದೆಯಲ್ಲಿ ಕಾಣುವುದು 58 ಮತ್ತು 80, ಮಿಲಿಮೀಟರ್ ಲೆಕ್ಕ. ರೋಲ್ ಮಾರುವವರಾಗಲಿ ಕೊಳ್ಳುವವರಾಗಲಿ ಹಾಗೆ ಕೇಳುವುದಿಲ್ಲ. ಈ ಎರಡು ಭಾಷೆಗಳನ್ನು ಜೋಡಿಸುವುದೇ ಹೆಲ್ಪ್ ಬರೆಯುವವರ ಕೆಲಸ.

"ಅದು ಹಸಿರಾಗುತ್ತದೆ." ಒತ್ತಿದ ಮೇಲೆ ಏನು ಕಾಣಬೇಕು ಅಂತ ಹೇಳದಿದ್ದರೆ ಸರಿಯಾಗಿ ಆಯಿತೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಒತ್ತುತ್ತಾರೆ. ಆನ್ ಆದದ್ದು ಆಫ್ ಆಗುತ್ತದೆ. ಪ್ರತಿ ಹೆಜ್ಜೆಗೂ ಬೇಕಿಲ್ಲ. ಅನುಮಾನ ಬರುವ ಕಡೆ ಬೇಕೇ ಬೇಕು.

"ಸ್ವಲ್ಪ ನಿಧಾನವಾಗಿ ಬರುತ್ತದೆ." ಈ ಸಾಲು ಮೊದಲ ಸಲ ಬರೆದಾಗ ಇರಲಿಲ್ಲ. ಪ್ರಶ್ನೆ ಚಿಹ್ನೆಯ ಫೋನ್ ನಿಂತವು, "ಪ್ರಿಂಟರ್ ಸ್ಲೋ ಆಗಿದೆ" ಅನ್ನುವ ಫೋನ್ ಶುರುವಾದವು. ಒಂದು ಪುಟ ಒಂದು ಫೋನ್ ನಿಲ್ಲಿಸಿ ಇನ್ನೊಂದನ್ನು ಹುಟ್ಟಿಸಿದರೆ ಏನು ಬಂದ ಹಾಗಾಯಿತು? ರೇಟು ಕತ್ತರಿಸುವ ಸಾಲೂ ಹೀಗೇ ಆಮೇಲೆ ಸೇರಿದ್ದು.

"ಯಾಕೆ ಹೀಗಾಯಿತು?" ಕೊನೆಯಲ್ಲಿದೆ. ಹಳೆಯ ಪುಟದಲ್ಲಿ ಇದೇ ಮೊದಲಿತ್ತು, ಅದೂ ಎರಡು ಪ್ಯಾರಾ. ಚಿಕ್ಕಪ್ಪ ತಳ್ಳಿ ಹಾಕಿದ್ದು ಅದನ್ನೇ. ನಮ್ಮ ಎಂಜಿನಿಯರ್ ಹುಡುಗ ನನಗೆ ವಿವರಿಸಿದ್ದನ್ನು ಹಾಗೇ ಸುರಿದಿದ್ದೆ. 58ರ ಪ್ರಿಂಟರ್ ಒಂದು ಸಾಲಿಗೆ 384 ಚುಕ್ಕೆ ಹೊಡೆಯುತ್ತದೆ, 80ರದ್ದು 576. ಮೂರಿಂಚು ಅಂತ ಆರಿಸಿದರೆ 576 ಚುಕ್ಕೆ ಅಗಲದ ಚಿತ್ರ ಹೋಗುತ್ತದೆ. ಚಿಕ್ಕ ಪ್ರಿಂಟರ್ ಆದರೆ ಬಲಗಡೆಯದ್ದು ಬಿದ್ದುಹೋಗುತ್ತದೆ. ರೇಟು ಇರುವುದು ಬಲಗಡೆಯೇ. ಇದು ನನಗೆ ಗೊತ್ತಿರಲೇಬೇಕು, ಇಲ್ಲದಿದ್ದರೆ ಆ ಒಂದು ಸಾಲಿನ ಪರಿಹಾರ ಬರೆಯಲು ಆಗುತ್ತಿರಲಿಲ್ಲ. ಓದುವವರಿಗೆ 384 ಬೇಡ. ತಿಳಿದದ್ದನ್ನೆಲ್ಲ ಬರೆಯುವ ಚಪಲ ನನಗೆ ಇವತ್ತಿಗೂ ಇದೆ, ನೋಡಿ, ಇಲ್ಲಿ ಬರೆದೇಬಿಟ್ಟೆ.

ಕನ್ನಡದ ವಾಕ್ಯ

ಇಂಗ್ಲಿಷ್ ಹೆಲ್ಪ್ ಅನ್ನು ಎದುರಿಗಿಟ್ಟುಕೊಂಡು ಕನ್ನಡಕ್ಕೆ ಇಳಿಸಬೇಡಿ. "ಬಳಕೆದಾರರು ತಮ್ಮ ಗುಪ್ತಪದವನ್ನು ನಮೂದಿಸುವಂತೆ ಕೋರಲಾಗುವುದು" ಅನ್ನುವಂಥ ವಾಕ್ಯ ಹುಟ್ಟುವುದು ಹಾಗೇ. ಕೋರುವವರು ಯಾರು? ಬಳಕೆದಾರರು ಅಂದರೆ ನಾನೋ ಬೇರೆಯವರೋ? "ಪಾಸ್‌ವರ್ಡ್ ಹಾಕಿ" ಅಂದರೆ ಆಯಿತಲ್ಲ.

ಇಂಗ್ಲಿಷಿನಲ್ಲಿ ಹೆಲ್ಪ್ ಬರೆಯುವವರು ಕ್ರಿಯಾಪದದಿಂದ ವಾಕ್ಯ ಶುರು ಮಾಡುತ್ತಾರೆ. ನಮ್ಮಲ್ಲಿ ಅದು ಕೊನೆಗೆ ಬರುತ್ತದೆ. ಇದು ಕೊರತೆಯಲ್ಲ, ಅನುಕೂಲ. ಎಲ್ಲಿ, ಏನು, ಏನು ಮಾಡಬೇಕು, ಈ ಕ್ರಮದಲ್ಲಿ ಬರುತ್ತದೆ: "ಮೇಲೆ ಎಡಮೂಲೆಯಲ್ಲಿರುವ ಮೂರು ಗೆರೆ ಒತ್ತಿ." ಕಣ್ಣು ಮೊದಲು ಮೂಲೆಗೆ ಹೋಗುತ್ತದೆ, ಆಮೇಲೆ ಗೆರೆ ಕಾಣುತ್ತದೆ, ಆಮೇಲೆ ಬೆರಳು ಏಳುತ್ತದೆ. ಕೈ ನಡೆಯುವುದೂ ಅದೇ ಕ್ರಮದಲ್ಲಿ.

ಆದರೆ ಒಂದು ಗುಂಡಿಯೂ ಇದೆ, ಬೀಳಬೇಡಿ. ಕನ್ನಡದಲ್ಲಿ ಎಷ್ಟು ಕೆಲಸವನ್ನಾದರೂ ಒಂದೇ ದಾರಕ್ಕೆ ಪೋಣಿಸಬಹುದು: "ಸೆಟ್ಟಿಂಗ್ಸ್ ತೆರೆದು ಪ್ರಿಂಟರ್ ಆರಿಸಿ ಅಳತೆ ಬದಲಿಸಿ ಸೇವ್ ಮಾಡಿ ಹೊರಬನ್ನಿ." ಐದು ಕೆಲಸ, ಒಂದು ವಾಕ್ಯ. ಓದಲು ಸರಾಗ, ಮಾಡಲು ಕಷ್ಟ. ಅದೂ ಅಲ್ಲದೆ "ಆರಿಸಿ", "ಬದಲಿಸಿ", "ಒತ್ತಿ" ಎಂಬ ರೂಪಗಳಿಗೆ ಎರಡು ಅರ್ಥ. "ಸೇವ್ ಒತ್ತಿ" ಅಂದರೆ ಒತ್ತಿರಿ ಅಂತಲೂ ಹೌದು, ಒತ್ತಿದ ಮೇಲೆ ಅಂತಲೂ ಹೌದು. ವಾಕ್ಯ ಎಲ್ಲಿ ನಿಂತಿತು ಅಂತ ಕೌಂಟರಿನಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಒಂದು ಹೆಜ್ಜೆಗೆ ಒಂದು ಕೆಲಸ, ಪೂರ್ಣವಿರಾಮ, ಮುಂದಿನ ಅಂಕಿ. ಎಣ್ಣೆ ಕೊಟ್ಟು ವಾಪಸ್ ಬಂದವರು "ಮೂರನೇದು ಆಗಿತ್ತು" ಅಂತ ನೆನಪಿಟ್ಟುಕೊಳ್ಳಬಹುದು.

ಎಚ್ಚರಿಕೆ ಯಾವಾಗಲೂ ಮೊದಲು. ಇದನ್ನು ಕಲಿತದ್ದು ನನ್ನದೇ ತಪ್ಪಿನಿಂದ. ಹಳೆಯ ವರ್ಷದ ಲೆಕ್ಕ ತೆಗೆದುಹಾಕುವ ಪುಟ ಬರೆದಿದ್ದೆ. 6ನೇ ಹೆಜ್ಜೆ: ಡಿಲೀಟ್ ಒತ್ತಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ಇದಕ್ಕೂ ಮೊದಲು ಬ್ಯಾಕಪ್ ತೆಗೆದಿರಬೇಕು. ಒಬ್ಬ ಬಟ್ಟೆ ಅಂಗಡಿಯವರು 6ನೇದು ಓದಿದರು, ಒತ್ತಿದರು, ಆಮೇಲೆ ಕೆಳಗಿನದು ಓದಿದರು. ಫೋನಿನಲ್ಲಿ ಅವರು ಬೈಯಲೂ ಇಲ್ಲ. "ಇದನ್ನ ಮೊದಲೇ ಹೇಳಬಾರದಿತ್ತಾ ಮೇಡಂ?" ಅಂದರು, ಅಷ್ಟೇ. ಈಗ ಆ ಪುಟದ 1ನೇ ಹೆಜ್ಜೆಯೇ ಬ್ಯಾಕಪ್.

ಸೌಜನ್ಯಕ್ಕೆ "ದಯವಿಟ್ಟು" ಪ್ರತಿ ಸಾಲಿಗೂ ಬೇಡ. "ಒತ್ತಿ", "ಹಾಕಿ" ಅನ್ನುವುದರಲ್ಲೇ ಮರ್ಯಾದೆ ಇದೆ. "ಸುಲಭವಾಗಿ", "ಸರಳವಾಗಿ" ಅನ್ನುವ ಪದಗಳನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಸುಲಭ ಅಂದಮೇಲೂ ಅವರಿಗೆ ಆಗದಿದ್ದರೆ ದಡ್ಡರು ಅಂದ ಹಾಗಾಗುತ್ತದೆ.

ಚಿತ್ರಗಳ ವಿಷಯ ಬೇಗ ಮುಗಿಸುತ್ತೇನೆ. ಜಾಸ್ತಿ ಹಾಕಬೇಡಿ. ಇಡೀ ಸ್ಕ್ರೀನ್ ಬೇಡ, ಬೇಕಾದ ಮೂಲೆ ಮಾತ್ರ ಕತ್ತರಿಸಿ. ಸುತ್ತ ದಪ್ಪ ಚೌಕಟ್ಟು ಹಾಕಿ, "ಚಿತ್ರ" ಅಂತ ಬರೆಯಿರಿ, ಇಲ್ಲದಿದ್ದರೆ ಚಿಕ್ಕಪ್ಪನ ಹಾಗೆ ಅದನ್ನೇ ಒತ್ತುತ್ತಾರೆ. ಚಿತ್ರ ಬರದಿದ್ದರೂ, ನೆಟ್‌ವರ್ಕ್ ಇಲ್ಲದ ಕಡೆ ಬರುವುದೂ ಇಲ್ಲ, ಬರೀ ಮಾತು ಓದಿ ಕೆಲಸ ಆಗಬೇಕು.

ಪುಟ ಸರಿಯಿದೆಯಾ ಅಂತ ನೋಡುವುದು

ಕೆಳಗೆ "ಉಪಯೋಗವಾಯಿತೇ?" ಅಂತ ಹೆಬ್ಬೆಟ್ಟಿನ ಗುರುತು ಹಾಕಿರುತ್ತಾರಲ್ಲ, ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕೆಳಮುಖದ ಹೆಬ್ಬೆಟ್ಟು ಒತ್ತುವವರಲ್ಲಿ ಎಷ್ಟೋ ಜನ ಸಾಫ್ಟ್‌ವೇರ್ ಮೇಲಿನ ಸಿಟ್ಟು ಪುಟದ ಮೇಲೆ ತೀರಿಸುತ್ತಾರೆ. ಅದಕ್ಕಿಂತ ಬೆಲೆಯುಳ್ಳದ್ದು ಹುಡುಕಿ ಏನೂ ಸಿಗದ ಮಾತುಗಳ ಪಟ್ಟಿ. ಸೋಮವಾರ ಬೆಳಿಗ್ಗೆ ನಾನು ಮೊದಲು ತೆರೆಯುವುದು ಅದನ್ನೇ. ನಿಮ್ಮಲ್ಲಿ ಆ ಪಟ್ಟಿ ಸಿಗದಿದ್ದರೆ ಎಂಜಿನಿಯರ್‌ಗಳ ಹಿಂದೆ ಬಿದ್ದು ಮಾಡಿಸಿಕೊಳ್ಳಿ.

ಅದಕ್ಕೂ ಮೇಲು ಅಂದರೆ ಯಾರಾದರೂ ಒಬ್ಬರ ಪಕ್ಕ ಕೂರುವುದು. ಸಾಫ್ಟ್‌ವೇರ್ ಗೊತ್ತಿಲ್ಲದವರಾಗಿರಬೇಕು. ಪುಟ ಕೊಡಿ, ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ. "ಅಲ್ಲಲ್ಲ, ಆ ಕಡೆ" ಅಂತ ನೀವು ಬಾಯಿ ಬಿಟ್ಟ ಜಾಗವಿದೆಯಲ್ಲ, ಪುಟದಲ್ಲಿ ಒಂದು ಸಾಲು ಕಮ್ಮಿಯಿರುವುದು ಅಲ್ಲೇ.

ಕೆಲವೊಮ್ಮೆ ಎಷ್ಟು ತಿದ್ದಿದರೂ ಪುಟ ಸರಿಯಾಗುವುದಿಲ್ಲ. ಆಗ ತಪ್ಪು ಪುಟದಲ್ಲಿರುವುದಿಲ್ಲ. ನಾನು ಹೇಳಿದ "ಗ್ರಾಫಿಕ್ಸ್ ಪ್ರಿಂಟ್" ಗುಂಡಿಯ ಹೆಸರು ಮೊದಲು "ರಾಸ್ಟರ್ ಮೋಡ್" ಅಂತ ಇತ್ತು. ಅದೇನು ಅಂತ ತಿಳಿಸಲು ಅರ್ಧ ಪುಟ ಬರೆದೆ, ಆಗಲಿಲ್ಲ. ಎಂಜಿನಿಯರ್ ಹುಡುಗನ ಮೇಜಿನ ಹತ್ತಿರ ಹೋಗಿ ಹೆಸರು ಬದಲಿಸಪ್ಪ ಅಂದೆ. ಬದಲಿಸಿದ. ಅರ್ಧ ಪುಟ ಹೋಯಿತು. ಗುಂಡಿಗೆ "ಕನ್ನಡದಲ್ಲಿ ಪ್ರಿಂಟ್" ಅಂತಲೇ ಹೆಸರಿಡು ಅಂತ ಈಗಲೂ ಕೇಳುತ್ತಿದ್ದೇನೆ. ತಮಿಳು, ತೆಲುಗಿನವರು ಏನು ಮಾಡಬೇಕು ಅನ್ನುತ್ತಾನೆ. ಅವನು ಹೇಳುವುದೂ ಸರಿ.

ಇನ್ನೊಂದು ಕೆಲಸ ಯಾರೂ ಇಷ್ಟಪಟ್ಟು ಮಾಡುವುದಿಲ್ಲ: ಹಳೆಯ ಪುಟಗಳನ್ನು ತಿದ್ದುವುದು. ತಿದ್ದದೆ ಬಿಟ್ಟ ಹಳೆಯ ಪುಟಕ್ಕಿಂತ ಪುಟವೇ ಇಲ್ಲದಿರುವುದು ಮೇಲು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ. "ಏಪ್ರಿಲ್ 1ರಿಂದ ಬಿಲ್ ನಂಬರ್ ಮತ್ತೆ 1ರಿಂದ ಶುರು ಮಾಡುವುದು ಹೇಗೆ?" ಅನ್ನುವ ಪುಟವನ್ನು ಮಾರ್ಚ್ 15ಕ್ಕೆ ತೆರೆದು, ಒಂದೊಂದು ಹೆಜ್ಜೆಯನ್ನೂ ನಾನೇ ಮಾಡಿ ನೋಡುತ್ತೇನೆ. ಮಾರ್ಚ್ 31ರ ರಾತ್ರಿ ನೋಡಿದರೆ ತಡವಾಗಿರುತ್ತದೆ. ಹೊಸ ಆವೃತ್ತಿ ಬರುವ ಮುಂಚೆ ಯಾವ ಬಟನ್ ಎಲ್ಲಿಗೆ ಹೋಯಿತು ಅಂತ ಕೇಳಿ ಬರೆದುಕೊಳ್ಳುತ್ತೇನೆ. ತಾವಾಗಿ ಯಾರೂ ಹೇಳುವುದಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಕೌಂಟರಿನ ಗಾಜಿಗೆ ಒಂದು ಚೀಟಿ ಅಂಟಿಸಿತ್ತು. ಸಿಗರೇಟು ಪ್ಯಾಕಿನ ರಟ್ಟು, ಬಾಲ್‌ಪೆನ್ನಿನ ಅಕ್ಷರ: "1. ಮೇಲೆ ಮೂರು ಗೆರೆ 2. ಪ್ರಿಂಟರ್ 3. ಹಸಿರು 4. 58." ನನ್ನ ಪುಟವನ್ನು ಅವರು ಇನ್ನೂ ಚಿಕ್ಕದು ಮಾಡಿದ್ದರು. ಇಂಥ ಚೀಟಿ ಎಲ್ಲಾದರೂ ಕಂಡರೆ ಫೋಟೋ ತೆಗೆದುಕೊಳ್ಳಿ, ಯಾವುದು ಉಳಿಯಬೇಕು ಅಂತ ಅದರಲ್ಲೇ ಇರುತ್ತದೆ. ಮೊನ್ನೆಯ ಆವೃತ್ತಿಯಲ್ಲಿ ಆ ಮೂರು ಗೆರೆ ಮೇಲಿನಿಂದ ಕೆಳಗಿನ ಮೂಲೆಗೆ ಹೋಯಿತು. ಪುಟ ತಿದ್ದಿ ಮುಗಿಸಿ ಚಿಕ್ಕಪ್ಪನಿಗೆ ನಾನೇ ಫೋನ್ ಮಾಡಿದೆ. "ಚೀಟಿಯಲ್ಲಿ 'ಮೇಲೆ' ಹೊಡೆದುಹಾಕಿ 'ಕೆಳಗೆ' ಅಂತ ಬರೆದುಕೊಳ್ಳಿ" ಅಂದೆ. "ತಾಳೇ, ಪೆನ್ನು ಹುಡುಕ್ತೀನಿ" ಅಂದರು.